ಪ್ರಾಚೀನ ಈಜಿಪ್ತದ ಶವಸಂಸ್ಕಾರದಲ್ಲಿ ಕೆನೋಪಿಕ್ ಭರಣಿಗಳು

ಕ್ರಿ.ಶ. 1925ರಲ್ಲಿ ಈಜಿಪ್ತದ ಗೀಜಾದಲ್ಲಿ, ಮಹಾಪಿರಮಿಡ್ಡಿನ ಪೂರ್ವದಿಕ್ಕಿಗೆ, ಅಮೆರಿಕೆಯ ಪುರಾತತ್ತ್ವಜ್ಞ ಜಾರ್ಜ್ ರೈಸ್ನರರ ತಂಡದವರು ಸುಮಾರು 27 ಮೀಟರ್ ಆಳದ ಸಮಾಧಿಕೂಪವೊಂದನ್ನು ಕಂಡುಹಿಡಿದರು. ಅದು ಖುಫು ದೊರೆಯ ತಾಯಿ ಹೆತೆಫೆರೆಸ್ ರಾಣಿಯದು. 1927ರಲ್ಲಿ ಶಿಲೆಯ ಶವಪೆಟ್ಟಿಗೆಯನ್ನು ತೆರೆದಾಗ ಅದರೊಳಗೆ ಶವವೇ ಇರಲಿಲ್ಲ. ಆದರೆ ಗೋಡೆಯ ಗೂಡಿನಲ್ಲಿ ಮುಚ್ಚಿಟ್ಟಿದ್ದ ಆಲಬಾಸ್ಟರ್ ಶಿಲೆಯ ಕರಂಡದ ನಾಲ್ಕು ಅರೆಗಳಲ್ಲಿ ಗಂಟುಗಳು ದೊರೆತವು. ಮೂರು ಅರೆಗಳಲ್ಲಿ ಕ್ಷಾರದ ನೀರು ನಾಲ್ಕು ಸಾವಿರದೈದುನೂರು ವರ್ಷಗಳ ತರುವಾಯವೂ ಆರದೆ ನಿಂತಿತ್ತು. ದೇಹವಿಲ್ಲ, ದೇಹದೊಳಗಿನ ಅವಯವಗಳು ಮಾತ್ರ ಇವೆ! ಶವವೇನಾಯಿತೆಂಬ ವಿಷಯದಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ.

ಅವಯವಗಳನ್ನು ಬೇರ್ಪಡಿಸಿ ಇಷ್ಟು ಜತನದಿಂದ ಕಾಪಿಡಲು ಕಾರಣವೇನು? ಪರಲೋಕದ ಬಾಳಿಗೆ ದೇಹವು ಉಳಿದಿರಲೇಬೇಕೆಂಬುದು ಈಜಿಪ್ತಿನವರ ನಂಬಿಕೆ. ದೇಹದಲ್ಲಿ ಮೊದಲು ಕೊಳೆಯುವುದು ಉದರಭಾಗ. ಆದುದರಿಂದ ಶವದ ಎಡಪಕ್ಕೆಯನ್ನು ಸೀಳಿ ಯಕೃತ್ತು, ಶ್ವಾಸಕೋಶ, ಜಠರ, ಕರುಳು ಇವನ್ನು ಹೊರತೆಗೆದು, ನೇಟ್ರಾನ್ ಎಂಬ ಕ್ಷಾರದಲ್ಲಿ ಒಣಗಿಸಿ, ಸುಗಂಧದ್ರವ್ಯಗಳನ್ನು ಲೇಪಿಸಿ, ನಾರುಬಟ್ಟೆಯಲ್ಲಿ ಸುತ್ತಿ ನಾಲ್ಕು ಭರಣಿಗಳಲ್ಲಿ ಇರಿಸುತ್ತಿದ್ದರು. ಮಿದುಳಿಗೆ ಮಾತ್ರ ಈ ಗೌರವವಿರಲಿಲ್ಲ. ಅದನ್ನು ಮೂಗಿನ ಮೂಲಕ ತೆಗೆದು ಬಿಸಾಡುತ್ತಿದ್ದರು.

ಈ ನಾಲ್ಕು ಭರಣಿಗಳಿಗೆ ಹೋರಸ್ ದೇವನ ನಾಲ್ವರು ಪುತ್ರರೇ ಅಧಿದೇವತೆಗಳು. ಮಾನವಮುಖದ ಇಮ್ಸೆತಿ ಯಕೃತ್ತನ್ನೂ, ಕಪಿಮುಖದ ಹಾಪಿ ಶ್ವಾಸಕೋಶವನ್ನೂ, ನರಿಮುಖದ ದುವಾಮುತೆಫ್ ಜಠರವನ್ನೂ, ಗಿಡುಗನ ಮುಖದ ಕೆಬೆಹ್‌ಸೆನುಎಫ್ ಕರುಳನ್ನೂ ಕಾಯುವರು. ಈ ಕಾವಲುಗಾರರಿಗೂ ಈಸಿಸ್, ನೆಫ್ತಿಸ್, ನೇತ್, ಸೆಲ್ಕೆತ್ ಎಂಬ ನಾಲ್ವರು ದೇವಿಯರ ರಕ್ಷೆಯುಂಟು. ಮೊದಮೊದಲು ಭರಣಿಗಳ ಮುಚ್ಚಳಗಳು ಸಾದಾ ಆಗಿದ್ದವು. ಮುಂದೆ ಮಾನವಶಿರಗಳು ಬಂದವು. ನಾಲ್ಕು ಬಗೆಯ ಮುಖಗಳು ರೂಢಿಗೆ ಬಂದುದು ಬಹುಕಾಲದ ಮೇಲೆ. 1922ರಲ್ಲಿ ಹೊವಾರ್ಡ್ ಕಾರ್ಟರ್ ಶೋಧಿಸಿದ ತುತಾಂಖಾಮೆನ್ ದೊರೆಯ ಸಮಾಧಿಯಲ್ಲಿ ಭರಣಿಗಳಿಗೆ ಬದಲಾಗಿ ಅಂಗೈಯಗಲ ಹೆಚ್ಚುಕಡಿಮೆ ಒಂದು ಮೊಳದುದ್ದದ ನಾಲ್ಕು ಚಿನ್ನದ ಪುಟ್ಟ ಶವಪೆಟ್ಟಿಗೆಗಳಿದ್ದವು. ಅವು ಮೊದಲು ಬೇರೊಬ್ಬ ಅರಸುಮನೆತನದವರಿಗಾಗಿ ಮಾಡಿಸಿದವು. ಒಳಗಿನ ಹೆಸರನ್ನು ತಿದ್ದಿ ಬಳಸಲಾಗಿದೆ.

ಇವೆಲ್ಲವುಗಳಿಗಿಂತ ವಿಚಾರಾರ್ಹವಾದುದು ಭರಣಿಗೆ ಸೇರದ ಅವಯವ. ಹೃದಯವನ್ನು ದೇಹದಲ್ಲಿಯೇ ಉಳಿಸುತ್ತಿದ್ದರು. ಬುದ್ಧಿ, ನೆನಪು, ಮಾಡಿದ ಕರ್ಮಗಳ ಲೆಕ್ಕ ಎಲ್ಲವೂ ಹೃದಯದಲ್ಲಿವೆಯೆಂದು ಅವರು ತಿಳಿದಿದ್ದರು. ಓಸಿರಿಸ್ ದೇವನ ಸನ್ನಿಧಿಯಲ್ಲಿ ಅದನ್ನು ತ್ರಾಸಿನ ಒಂದು ತಟ್ಟೆಯಲ್ಲಿಟ್ಟು, ಮತ್ತೊಂದರಲ್ಲಿ ಸತ್ಯದೇವತೆಯಾದ ಮಾತ್‌ಳ ಗರಿಯನ್ನಿಟ್ಟು ತೂಗಲಾಗುವುದು. ಪಾಪದಿಂದ ಭಾರವಾದ ಹೃದಯವನ್ನು ಅಮ್ಮಿತ್ ಎಂಬ ರಾಕ್ಷಸಿ ನುಂಗುವಳು. ಜಠರವನ್ನು ಕಾಯಲು ಒಬ್ಬ ದೇವನನ್ನು ನೇಮಿಸಬಹುದು, ಹೃದಯದ ಸಾಕ್ಷ್ಯವನ್ನು ಇನ್ನೊಬ್ಬರು ಹೇಳಲಾಗದು. ಆದರೂ ಮನುಷ್ಯನ ಅಂಜಿಕೆ ನೋಡಿರಿ: ದುಂಬಿಯಾಕಾರದ ಕಲ್ಲೊಂದನ್ನು ಶವದ ಎದೆಯ ಮೇಲಿಟ್ಟು, ತನಗೆ ಪ್ರತಿಕೂಲವಾಗಿ ಸಾಕ್ಷಿ ನುಡಿಯಬಾರದೆಂದು ಸ್ವಂತ ಹೃದಯವನ್ನೇ ಬೇಡಿಕೊಳ್ಳುವ ಮಂತ್ರವನ್ನು ಅದರಲ್ಲಿ ಕೊರೆಸುತ್ತಿದ್ದರು.

ಕ್ರಿ.ಶ. 3ನೆಯ ಶತಮಾನದ ಗ್ರೀಕ್ ತತ್ತ್ವಜ್ಞ ಪಾರ್ಫಿರಿಯು ಬೇರೊಂದು ಕಥೆಯನ್ನು ಹೇಳುತ್ತಾನೆ. ಅವನ ಪ್ರಕಾರ ಈಜಿಪ್ತಿನವರು ಉದರಭಾಗವನ್ನು ಪೆಟ್ಟಿಗೆಯಲ್ಲಿಟ್ಟು, ಸೂರ್ಯನಿಗೆ ತೋರಿಸಿ, ಸತ್ತವನು ತಿಂದು ಕುಡಿದು ಮಾಡಿದ ದೋಷವೆಲ್ಲ ಇದರದೆಂದು ಹೇಳಿ ನದಿಗೆ ಎಸೆಯುತ್ತಿದ್ದರಂತೆ. ಮಾಂಸಾಹಾರವನ್ನು ವರ್ಜಿಸಬೇಕೆಂದು ಪ್ರತಿಪಾದಿಸುವ ಗ್ರಂಥದಲ್ಲಿ ಈ ಮಾತು ಬಂದಿರುವುದರಿಂದ ಹೊಟ್ಟೆಯ ಮೇಲಿನ ಅವನ ಕೋಪವನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಭರಣಿಗಳ ಮೇಲಿನ ಬರಹಗಳು ಇದಕ್ಕೆ ತೀರ ವಿರುದ್ಧವಾಗಿವೆ. ಅಲ್ಲಿ ದೇವಿಯು ತನ್ನೊಳಗಿರುವ ಇಮ್ಸೆತಿಯನ್ನು ರಕ್ಷಿಸುತ್ತೇನೆಂದು ನುಡಿಯುತ್ತಾಳೆ. ಎಂದರೆ ಅವಯವವು ಕಲ್ಮಷವಲ್ಲ, ಅದೇ ದೇವತೆಯಾಗಿದೆ. ಹೂಳುವಿಕೆಯೊಂದನ್ನೇ ನೋಡಿ ಇದನ್ನು ವೀರಶೈವರ ಸಮಾಧಿಕ್ರಿಯೆಗೆ ಹೋಲಿಸುವುದು ಸಲ್ಲದು. ಲಿಂಗೈಕ್ಯನಾದವನಿಗೆ ಬಿಟ್ಟ ಕಾಯವು ಮತ್ತೆ ಬೇಕಿಲ್ಲ. ಈಜಿಪ್ತಿನವನಿಗೆ ಅದಿಲ್ಲದೆ ಗತಿಯೇ ಇಲ್ಲ.

ಕ್ರಿ.ಪೂ. 1000ದ ಸುಮಾರಿಗೆ, 21ನೆಯ ರಾಜವಂಶದ ಕಾಲದಲ್ಲಿ, ಸಂಸ್ಕರಿಸಿದ ಅವಯವಗಳನ್ನು ಪುನಃ ಶವದೊಳಗೆ ಇಡುವ ರೂಢಿ ಬಂದಿತು. ಭರಣಿಗಳಿಗೆ ಕೆಲಸವೇ ಇಲ್ಲವಾಯಿತು. ಆದರೂ ಅವನ್ನು ಬಿಡಲು ಮನಸ್ಸಾಗದೆ, ಒಳಗೆ ಟೊಳ್ಳೇ ಇಲ್ಲದ ಹುಸಿಭರಣಿಗಳನ್ನು ಕಡೆದು ಸಮಾಧಿಯಲ್ಲಿಟ್ಟರು.

'ಕೆನೋಪಿಕ್' ಎಂಬ ಹೆಸರಾದರೂ ಈಜಿಪ್ತಿನವರು ಇಟ್ಟುದಲ್ಲ. ನೈಲ್ ನದಿಯ ಮುಖಜಭೂಮಿಯ ಕೆನೋಪಸ್ ಪಟ್ಟಣದಲ್ಲಿ ಓಸಿರಿಸ್‌ನನ್ನು ಮಾನವಶಿರವುಳ್ಳ ಭರಣಿಯ ರೂಪದಲ್ಲಿ ಪೂಜಿಸುತ್ತಿದ್ದರು. ಹಿಂದಿನ ಯುರೋಪಿನ ಪಂಡಿತರು ಆಕಾರಸಾಮ್ಯಕ್ಕೆ ಮರುಳಾಗಿ ಆ ಹೆಸರನ್ನು ಸಮಾಧಿಯ ಭರಣಿಗಳಿಗೂ ಅಂಟಿಸಿದರು. ತಪ್ಪೆಂದು ತಿಳಿದ ಮೇಲೂ ಅದು ಉಳಿದುಬಂದಿದೆ.

ಭರಣಿಗಳು ಬರಿದಾದ ಮೇಲೂ ಅವುಗಳ ಗೋಡೆಗೆ ಅಂಟಿದ ಲೇಪವು ಮಾತನಾಡಬಲ್ಲದು. ಇಮ್ಮಡಿ ಅಮೆನ್‌ಹೋತೆಪ್ ದೊರೆಗೆ ಹಾಲೂಡಿಸಿದ ದಾದಿ ಸೆನೆತ್ನಾಯ್‌ಳ ಭರಣಿಗಳನ್ನು ಕಾರ್ಟರರು 1900ರಲ್ಲಿ ರಾಜರ ಕಣಿವೆಯಲ್ಲಿ ಪತ್ತೆಮಾಡಿದ್ದರು. ಅವುಗಳಲ್ಲಿ ಯಕೃತ್ತಿನ ಮತ್ತು ಶ್ವಾಸಕೋಶದ ಭರಣಿಗಳ ಲೇಪವನ್ನು ಪರೀಕ್ಷಿಸಿದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಜೇನುಮೇಣ, ಸಸ್ಯತೈಲ, ಪ್ರಾಣಿಗಳ ಕೊಬ್ಬು, ಕಲ್ಲರಗು, ಮರದ ರಾಳ ಇವುಗಳ ಮಿಶ್ರಣ ಅಲ್ಲಿತ್ತು. ಎರಡು ಭರಣಿಗಳ ಪಾಕ ಒಂದೇ ಆಗಿರಲಿಲ್ಲ. ರಾಳಗಳಲ್ಲಿ ಒಂದು ಲಾರ್ಚ್ ಮರದ್ದೆಂದು ಗುರುತಿಸಿದ್ದಾರೆ. ಆ ಮರ ಈಜಿಪ್ತದಲ್ಲಿ ಬೆಳೆಯುವುದಿಲ್ಲ. ದಾದಿಯೊಬ್ಬಳ ಸಂಸ್ಕಾರಕ್ಕಾಗಿ ಅದು ಸಮುದ್ರದಾಚೆಯಿಂದ ಬಂದಿತ್ತು.