ಎಲ್ಲಿ? ಎಲ್ಲಿಗೆ? — ಜರ್ಮನ್ ಭಾಷೆಯ ಅವ್ಯಯಗಳೂ ವಿಭಕ್ತಿಗಳೂ

ಜರ್ಮನ್ ಭಾಷೆಯನ್ನು ಕಲಿಯಹೊರಟವರು ಮೊದಲ ಕೆಲವು ವಾರ ಉತ್ಸಾಹದಿಂದ ನಡೆದು, ಒಂದೆಡೆಯಲ್ಲಿ ತಟ್ಟನೆ ನಿಂತುಬಿಡುವುದುಂಟು. ನಾಮಪದಕ್ಕೆ ಮೊದಲು ಬರುವ ಇನ್, ಔಫ್, ಮಿಟ್, ಫೋನ್ ಮುಂತಾದ ಚಿಕ್ಕ ಅವ್ಯಯಗಳೇ ಅವರನ್ನು ತಡೆಯುವುವು. ತನ್ನನ್ನು ಅನುಸರಿಸುವ ನಾಮಪದವು ಇಂಥ ವಿಭಕ್ತಿಯಲ್ಲಿಯೇ ಇರತಕ್ಕದ್ದೆಂದು ಪ್ರತಿಯೊಂದು ಅವ್ಯಯವೂ ವಿಧಿಸುತ್ತದೆ. ಇಂಗ್ಲಿಷನ್ನು ಮಾತ್ರ ಬಲ್ಲವರಿಗೆ ಇದು ವಿಚಿತ್ರವಾಗಿ ತೋರಬಹುದು. ಕನ್ನಡಿಗರಿಗೆ ಹಾಗೆ ತೋರಬೇಕಾದುದಿಲ್ಲ. ನಾವು 'ಮನೆಯ ಮೇಲೆ' ಎನ್ನುತ್ತೇವೆ, 'ಮಗನಿಗೋಸ್ಕರ' ಎನ್ನುತ್ತೇವೆ, 'ರಾಜನನ್ನು ಕುರಿತು' ಎನ್ನುತ್ತೇವೆ. ಈ ವಿಭಕ್ತಿಗಳನ್ನು ಅದಲುಬದಲು ಮಾಡಿದರೆ ಮಕ್ಕಳೂ ನಗುವರು. ಸಂಸ್ಕೃತದಲ್ಲಿ 'ನಮಃ' ಎಂಬುದಕ್ಕೆ ಚತುರ್ಥಿಯೂ 'ಸಹ' ಎಂಬುದಕ್ಕೆ ತೃತೀಯೆಯೂ ಬರುವುದೆಂಬುದು ಆ ಭಾಷೆಯನ್ನು ಸ್ವಲ್ಪ ಓದಿದವರಿಗೂ ತಿಳಿದದ್ದೇ.

ಜರ್ಮನ್ ಭಾಷೆಯಲ್ಲಿ ವಿಭಕ್ತಿಗಳು ನಾಲ್ಕೇ: ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ. ಇವು ಹೆಚ್ಚಾಗಿ ಗೋಚರವಾಗುವುದು ನಾಮಪದದ ಕೊನೆಯಲ್ಲಲ್ಲ, ಅದರ ಹಿಂದೆ ನಿಲ್ಲುವ ನಿರ್ದೇಶಕ ಪದದಲ್ಲಿ. 'ಡೆರ್ ಟಿಷ್' ಎಂದರೆ ಮೇಜು. ಅದು ದ್ವಿತೀಯೆಯಲ್ಲಿ 'ಡೇನ್ ಟಿಷ್', ಚತುರ್ಥಿಯಲ್ಲಿ 'ಡೇಮ್ ಟಿಷ್', ಷಷ್ಠಿಯಲ್ಲಿ 'ಡೆಸ್ ಟಿಷೆಸ್' ಎಂದಾಗುತ್ತದೆ.

ಅವ್ಯಯಗಳಲ್ಲಿ ಕೆಲವು ಸ್ಥಿರಸ್ವಭಾವದವು. ದುರ್ಷ್ (ಮೂಲಕ), ಫ್ಯೂರ್ (ಗಾಗಿ), ಗೇಗೆನ್ (ವಿರುದ್ಧ), ಓನೆ (ಇಲ್ಲದೆ), ಉಮ್ (ಸುತ್ತ) — ಈ ಐದಕ್ಕೆ ಎಂದಿಗೂ ದ್ವಿತೀಯೆ. ಔಸ್ (ಒಳಗಿನಿಂದ), ಬೈ (ಬಳಿ), ಮಿಟ್ (ಕೂಡ), ನಾಖ್ (ಅನಂತರ, ಕಡೆಗೆ), ಸೈಟ್ (ಅಂದಿನಿಂದ), ಫೋನ್ (ಇಂದ), ತ್ಸೂ (ಬಳಿಗೆ) — ಈ ಏಳಕ್ಕೆ ಎಂದಿಗೂ ಚತುರ್ಥಿ. ವೇಗೆನ್ (ಕಾರಣದಿಂದ), ಟ್ರೋಟ್ಸ್ (ಆದಾಗ್ಯೂ) ಮೊದಲಾದುವಕ್ಕೆ ಶಿಷ್ಟ ಬರಹದಲ್ಲಿ ಷಷ್ಠಿ. ಆಡುಮಾತಿನಲ್ಲಿ ಚತುರ್ಥಿಯೂ ಕೇಳಿಬರುತ್ತದೆ.

'ಕೂಡ', 'ಇಂದ', 'ಬಳಿ' ಎಂಬ ಇಷ್ಟು ಭಿನ್ನವಾದ ಅರ್ಥಗಳಿಗೆಲ್ಲ ಒಂದೇ ಚತುರ್ಥಿ ಏಕೆ ಎಂದು ಕೇಳಬಹುದು. ಜರ್ಮನ್ ಭಾಷೆಯೂ ಸಂಸ್ಕೃತವೂ ಒಂದೇ ಮೂಲದಿಂದ ಕವಲೊಡೆದುವು. ಸಂಸ್ಕೃತವು ತೃತೀಯಾ, ಪಂಚಮೀ, ಸಪ್ತಮಿಗಳನ್ನು ಬೇರೆಬೇರೆಯಾಗಿ ಕಾಪಾಡಿಕೊಂಡಿತು. ಜರ್ಮನ್ ಶಾಖೆಯಲ್ಲಿ ಅವು ಕಾಲಕ್ರಮದಲ್ಲಿ ಚತುರ್ಥಿಯೊಳಗೆ ಲೀನವಾದುವು. ಆದುದರಿಂದ ಜರ್ಮನ್ ಚತುರ್ಥಿಯು ಒಂದೇ ಹೆಸರಿನಲ್ಲಿ ನಾಲ್ವರ ಆಸ್ತಿಯನ್ನು ಆಳುವ ವಾರಸುದಾರನಂತಿದೆ.

ಇದನ್ನು ಮನಸ್ಸಿನಲ್ಲಿಟ್ಟರೆ ಕಠಿನವೆನಿಸುವ ಮೂರನೆಯ ಗುಂಪು ಸುಲಭವಾಗುತ್ತದೆ. ಇನ್ (ಒಳಗೆ), ಔಫ್ (ಮೇಲೆ), ಆನ್ (ತಗಲಿ), ಯೂಬರ್ (ಮೇಲ್ಗಡೆ), ಉಂಟರ್ (ಕೆಳಗೆ), ಫೋರ್ (ಮುಂದೆ), ಹಿಂಟರ್ (ಹಿಂದೆ), ನೇಬೆನ್ (ಪಕ್ಕದಲ್ಲಿ), ತ್ಸ್ವಿಷೆನ್ (ನಡುವೆ) — ಈ ಒಂಬತ್ತು ಅವ್ಯಯಗಳು ದ್ವಿತೀಯೆಯನ್ನೂ ಚತುರ್ಥಿಯನ್ನೂ ಸ್ವೀಕರಿಸುವುವು. 'ಎಲ್ಲಿ' ಎಂಬ ಪ್ರಶ್ನೆಗೆ ಉತ್ತರವಾದರೆ ಚತುರ್ಥಿ, 'ಎಲ್ಲಿಗೆ' ಎಂಬುದಕ್ಕಾದರೆ ದ್ವಿತೀಯೆ. ಸಂಸ್ಕೃತದಲ್ಲಿ 'ಗ್ರಾಮೇ ವಸತಿ' ಎಂಬಲ್ಲಿ ಸಪ್ತಮಿ, 'ಗ್ರಾಮಂ ಗಚ್ಛತಿ' ಎಂಬಲ್ಲಿ ದ್ವಿತೀಯೆ. ಆ ಸಪ್ತಮಿಯೇ ಇಲ್ಲಿ ಚತುರ್ಥಿಯ ವೇಷದಲ್ಲಿದೆ. ದ್ವಿತೀಯೆಯಂತೂ ಇದ್ದಹಾಗೆಯೇ ಇದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಚಲನೆಯಿದ್ದರೆ ದ್ವಿತೀಯೆ, ಇಲ್ಲದಿದ್ದರೆ ಚತುರ್ಥಿ ಎಂದು ಕೆಲವರು ಸಂಕ್ಷೇಪವಾಗಿ ಹೇಳಿಕೊಡುವರು. ಇದು ಸಾಲದು. 'ಡಾಸ್ ಕಿಂಟ್ ಲೋಯ್ಫ್ಟ್ ಔಫ್ ಡೆರ್ ಷ್ಟ್ರಾಸೆ' ಎಂದರೆ ಮಗು ಬೀದಿಯಲ್ಲಿ ಓಡುತ್ತಿದೆ ಎಂದರ್ಥ. 'ಔಫ್ ಡೀ ಷ್ಟ್ರಾಸೆ' ಎಂದರೆ ಮಗು ಬೀದಿಗೆ ಓಡಿಬರುತ್ತಿದೆ ಎಂದರ್ಥ. ಓಟ ಎರಡರಲ್ಲಿಯೂ ಉಂಟು. ಮೊದಲನೆಯದರಲ್ಲಿ ಮಗು ಆಗಲೇ ಬೀದಿಯಲ್ಲಿದೆ. ಎರಡನೆಯದರಲ್ಲಿ ಹೊರಗಿನಿಂದ ಬೀದಿಯನ್ನು ಪ್ರವೇಶಿಸುತ್ತಿದೆ. ಗಾಡಿಯನ್ನು ನಡೆಸುವವನಿಗೆ ಈ ಭೇದವು ಬರಿಯ ವ್ಯಾಕರಣದ ಮಾತಲ್ಲ. ಚಲನೆಯುಂಟೇ ಎಂದು ನೋಡದೆ, ಒಂದು ಎಡೆಯನ್ನು ಬಿಟ್ಟು ಇನ್ನೊಂದನ್ನು ಸೇರುವುದುಂಟೇ ಎಂದು ನೋಡಬೇಕು.

'ಎಲ್ಲಿ', 'ಎಲ್ಲಿಗೆ' ಎಂಬ ಎರಡು ಪ್ರಶ್ನೆಗಳು ನಮ್ಮ ಭಾಷೆಯಲ್ಲಿ ಸ್ಪಷ್ಟವಾಗಿ ಬೇರೆಯಾಗಿರುವುದು ನಮಗೆ ದೊಡ್ಡ ಅನುಕೂಲ. ಆದರೆ ಇಡುವುದು, ಕೂರುವುದು, ತೂಗುಹಾಕುವುದು ಮುಂತಾದ ಕ್ರಿಯೆಗಳಲ್ಲಿ ಕನ್ನಡದ ಕಿವಿ ನಮ್ಮನ್ನು ವಂಚಿಸುತ್ತದೆ. 'ಪುಸ್ತಕವನ್ನು ಎಲ್ಲಿಟ್ಟೆ?' ಎಂದು ನಾವು ಕೇಳುತ್ತೇವೆಯೇ ಹೊರತು 'ಎಲ್ಲಿಗಿಟ್ಟೆ?' ಎಂದು ಕೇಳುವುದಿಲ್ಲ. ಜರ್ಮನರು ಇಲ್ಲಿ 'ಎಲ್ಲಿಗೆ' ಎಂದೇ ಭಾವಿಸುವರು. ಆದುದರಿಂದ ಪುಸ್ತಕವನ್ನು ಮೇಜಿನ ಮೇಲೆ ಇಡುವಾಗ 'ಔಫ್ ಡೇನ್ ಟಿಷ್', ಅದು ಅಲ್ಲಿರುವಾಗ 'ಔಫ್ ಡೇಮ್ ಟಿಷ್'. ಕ್ರಿಯಾಪದವೂ ಬದಲಾಗುತ್ತದೆ: ಇಡುವುದು 'ಲೇಗೆನ್', ಬಿದ್ದಿರುವುದು 'ಲೀಗೆನ್', ಕೂರಿಸುವುದು 'ಸೆಟ್ಸೆನ್', ಕುಳಿತಿರುವುದು 'ಸಿಟ್ಸೆನ್'. ನಮ್ಮವರ ತಪ್ಪುಗಳನ್ನು ಇಲ್ಲಿಯೇ ಹೆಚ್ಚಾಗಿ ನಿರೀಕ್ಷಿಸಬೇಕು.

ಈ ಪ್ರಶ್ನೆಗೆ ಎರಡು ಮಿತಿಗಳುಂಟು. ಮೊದಲನೆಯದಾಗಿ, ಅದು ಆ ಒಂಬತ್ತಕ್ಕೆ ಮಾತ್ರ ಅನ್ವಯಿಸುತ್ತದೆ. 'ತ್ಸೂ' ಎಂಬುದು 'ಎಲ್ಲಿಗೆ' ಎಂಬುದಕ್ಕೆ ಉತ್ತರ ಕೊಟ್ಟರೂ ಚತುರ್ಥಿಯನ್ನು ಬಿಡದು. ಎರಡನೆಯದಾಗಿ, ಸ್ಥಳದ ಭಾವವಿಲ್ಲದ ಪ್ರಯೋಗಗಳಲ್ಲಿ ಅದು ನಡೆಯದು. 'ವಾರ್ಟೆನ್' ಎಂದರೆ ಕಾಯುವುದು. ಅದಕ್ಕೆ 'ಔಫ್' ಸೇರಿದಾಗ ದ್ವಿತೀಯೆ. 'ಆಂಗ್ಸ್ಟ್' ಎಂದರೆ ಭಯ. ಅದಕ್ಕೆ 'ಫೋರ್' ಸೇರಿದಾಗ ಚತುರ್ಥಿ. ಇಂಥವನ್ನು ಪದದೊಡನೆಯೇ ಬಾಯಿಪಾಠ ಮಾಡುವುದು ಮೇಲು.

ಅಮರಕೋಶವನ್ನು ಉರುಹೊಡೆದ ನಾಡಿನವರಿಗೆ ಐದು, ಏಳು, ಒಂಬತ್ತು ಪದಗಳ ಮೂರು ಪಟ್ಟಿಗಳು ಹೊರೆಯಾಗಲಾರವು. ಜರ್ಮನಿಯಿಂದ ಬಂದ ಕಿಟ್ಟೆಲರು ನಮ್ಮ ವಿಭಕ್ತಿಗಳನ್ನೆಲ್ಲ ಕಲಿತು, 1894ರಲ್ಲಿ ಕನ್ನಡ ನಿಘಂಟನ್ನೂ 1903ರಲ್ಲಿ ಕನ್ನಡ ವ್ಯಾಕರಣವನ್ನೂ ಪ್ರಕಟಿಸಿದರು. ಅವರ ನಾಲ್ಕು ವಿಭಕ್ತಿಗಳನ್ನು ನಾವು ಕಲಿಯುವುದು ಅದಕ್ಕಿಂತ ಹೆಚ್ಚಿನ ಸಾಹಸವೇನಲ್ಲ.