ಕತಾರ್: ಮೊದಲ ತೀರ್ಪೇ ಕೊನೆಯಲ್ಲ

ದೋಹಾ: ‘ಮಗನನ್ನು ಪೊಲೀಸರು ಹಿಡಿದಿದ್ದಾರೆ’ ಎಂಬ ಫೋನು ಬಂದರೆ ಊರಲ್ಲಿದ್ದವರಿಗೆ ದಿಕ್ಕೇ ತೋಚುವುದಿಲ್ಲ. ಕತಾರ್‌ನಲ್ಲಿ ಕ್ರಿಮಿನಲ್ ಪ್ರಕರಣ ಠಾಣೆಯಿಂದ ಪಬ್ಲಿಕ್ ಪ್ರಾಸಿಕ್ಯೂಷನ್‌ಗೆ ಹೋಗುತ್ತದೆ. ಕೋರ್ಟಿಗೆ ಕಳಿಸಬೇಕೇ ಬೇಡವೇ ಎಂದು ತೀರ್ಮಾನಿಸುವುದು ಅಲ್ಲಿಯೇ. ನಂತರ ಪ್ರಥಮ ಹಂತದ ನ್ಯಾಯಾಲಯ, ಮೇಲ್ಮನವಿ ನ್ಯಾಯಾಲಯ, ಕೊನೆಗೆ ಕ್ಯಾಸೇಷನ್ ನ್ಯಾಯಾಲಯ. ಕಲಾಪದ ಭಾಷೆ ಅರಬ್ಬಿ. ಅರ್ಥವಾಗದ ಕಾಗದಕ್ಕೆ ಸಹಿ ಹಾಕುವ ಮುನ್ನ ಅನುವಾದಕರನ್ನು ಕೇಳಬೇಕು.

ನೌಕಾಪಡೆಯ 8 ಮಾಜಿ ಸಿಬ್ಬಂದಿಗೆ 2023ರ ಅಕ್ಟೋಬರ್ 26ರಂದು ಇಲ್ಲಿ ಮರಣದಂಡನೆಯಾಯಿತು. ಡಿಸೆಂಬರ್ 28ರಂದು ಮೇಲ್ಮನವಿ ನ್ಯಾಯಾಲಯ ಅದನ್ನು ಜೈಲುಶಿಕ್ಷೆಗೆ ಇಳಿಸಿತು. 2024ರ ಫೆಬ್ರುವರಿಯಲ್ಲಿ ಅವರ ಬಿಡುಗಡೆಯಾಯಿತು. ದೆಹಲಿಯ ಅಷ್ಟು ಒತ್ತಾಸೆ ಸಾಮಾನ್ಯ ಕಾರ್ಮಿಕನಿಗೆ ಸಿಗಲಿಕ್ಕಿಲ್ಲ, ನಿಜ. ಆದರೆ ಮೇಲ್ಮನವಿಯ ದಾರಿ ಅವನಿಗೂ ಇದೆ, ಗಡುವು ದಾಟಬಾರದಷ್ಟೆ. ಮಧ್ಯವರ್ತಿಗೆ ದುಡ್ಡು ಕಳಿಸುವ ಮೊದಲು ಪಾಸ್‌ಪೋರ್ಟ್, ಕತಾರ್ ಐಡಿ, ಪ್ರಕರಣದ ಸಂಖ್ಯೆ ಬರೆದಿಟ್ಟುಕೊಂಡು ದೋಹಾದ ಭಾರತೀಯ ರಾಯಭಾರ ಕಚೇರಿಗೆ ತಿಳಿಸಿ.