ಪೆನ್ಸಿಲ್ ಗಾತ್ರದ ಪೈಪು

ಆಯುಧಪೂಜೆಯ ಹಿಂದಿನ ದಿನ ನಮ್ಮ ಬೀದಿಯ ಕಾರುಗಳೆಲ್ಲ ಬಾನೆಟ್ ಎತ್ತಿಕೊಂಡು ನಿಂತಿರುತ್ತವೆ. ವರ್ಷವಿಡೀ ಪೆಟ್ರೋಲ್ ಹಾಕಿಸುವುದು ಬಿಟ್ಟರೆ ಕಾರಿನ ಕಡೆ ತಿರುಗಿಯೂ ನೋಡದವರು ಅಂದು ಬನಿಯನ್ ತೊಟ್ಟು, ಹಳೇ ಟೂತ್‌ಬ್ರಶ್ ಹಿಡಿದು ಎಂಜಿನ್ನಿನ ಸಂದಿಗೊಂದಿಗೆಲ್ಲ ಕೈಹಾಕುತ್ತಾರೆ. ನಾನೂ ಅವರಲ್ಲೊಬ್ಬ. ಕಾರ್ಬೊರೇಟರ್ ಕಾಲದ ಮಾರುತಿ 800 ನನ್ನದಾಗಿದ್ದಾಗ ಒಂದು ವರ್ಷ ಹುಮ್ಮಸ್ಸು ಜಾಸ್ತಿಯಾಗಿ, ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಗುತ್ತಿದ್ದ ಪೆನ್ಸಿಲ್ ಗಾತ್ರದ ರಬ್ಬರ್ ಪೈಪೊಂದನ್ನು ಕಿತ್ತುಹಾಕಿದೆ. ತುದಿ ಸೀಳಿತ್ತು, ನೋಡಲು ಅಸಹ್ಯವಾಗಿತ್ತು, ಅದಿಲ್ಲದೆಯೂ ಎಂಜಿನ್ ಸ್ಟಾರ್ಟ್ ಆಗುತ್ತಿತ್ತು. ಇನ್ನೇನು ಬೇಕು? ಕಾರ್ಬೊರೇಟರ್ ಕಡೆಯ ತೂತಿಗೆ ಒಂದು ಬಿರಡೆ ಒತ್ತಿದೆ. ಪೂಜೆಯಾಯಿತು, ಕುಂಬಳಕಾಯಿ ಒಡೆದಾಯಿತು.

ವಾರದೊಳಗೆ ಗಾಡಿ ಸೋಮಾರಿಯಾಯಿತು. ಪಿಕಪ್ ಇಲ್ಲ, ಮೈಲೇಜು ಕುಸಿದಿದೆ, ಎಂಜಿನ್ ಬೇಗ ಬಿಸಿಯೇರುತ್ತಿದೆ. ಮೇಸ್ತ್ರಿ ಬಗ್ಗಿ ನೋಡಿದವರೇ ಬಿರಡೆ ಕಿತ್ತು ನನ್ನ ಕೈಗಿತ್ತರು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಅದರ ಪಕ್ಕಕ್ಕೆ ಅಂಟಿಕೊಂಡಿದ್ದ ಗುಂಡನೆಯ ತಗಡಿನ ಡಬ್ಬಿಗೆ ಒಂದು ಪೈಪಿನ ತುಂಡು ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಯಲ್ಲಿಟ್ಟು ಎಳನೀರು ಹೀರುವಂತೆ ಹೀರಿದರು. ಒಳಗಿದ್ದ ಪ್ಲೇಟು ಒಂದಿಷ್ಟು ತಿರುಗಿತು. ಬಾಯಿ ಬಿಟ್ಟರು, ವಾಪಸ್ ಬಂತು. "ನೋಡಿದ್ರಾ ಸಾರ್? ನೀವು ಕಿತ್ತಿದ್ದು ಇದನ್ನ."

ಪೆಟ್ರೋಲ್ ಆವಿಗೆ ಕಿಡಿ ತಗುಲಿದೊಡನೆ ಅದೆಲ್ಲ ಒಂದೇಟಿಗೆ ಉರಿದುಹೋಗುವುದಿಲ್ಲ. ಬೆಂಕಿ ಸಿಲಿಂಡರಿನ ತುಂಬ ಹಬ್ಬಲು ಸ್ವಲ್ಪ ಹೊತ್ತು ಬೇಕು. ಆದ್ದರಿಂದ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಿಸಬೇಕು. ಎಷ್ಟು ಮೊದಲು ಎನ್ನುವುದು ಎಂಜಿನ್ ಎಷ್ಟು ಭಾರ ಎಳೆಯುತ್ತಿದೆ ಎಂಬುದರ ಮೇಲೆ ನಿಂತಿದೆ. ಸಮತಟ್ಟು ರಸ್ತೆಯಲ್ಲಿ ಪೆಡಲನ್ನು ಹಗುರಾಗಿ ಒತ್ತಿ ಹೋಗುವಾಗ ಸಿಲಿಂಡರಿಗೆ ಸಿಗುವ ಮಿಶ್ರಣವೇ ಕಡಿಮೆ, ಅದು ಉರಿಯುವುದೂ ನಿಧಾನ. ಆಗ ಕಿಡಿ ಇನ್ನೂ ಮುಂಚೆ ಬೇಕು. ಅದೇ ಹೊತ್ತಿನಲ್ಲಿ, ಗಾಳಿಯ ಬಾಗಿಲು ಅರೆಮುಚ್ಚಿರುವುದರಿಂದ, ಎಂಜಿನ್ನಿನ ಹೀರುವಿಕೆಯೂ ಜೋರಾಗಿರುತ್ತದೆ. ಆ ಹೀರುವಿಕೆಯನ್ನು ಡಬ್ಬಿಗೆ ಮುಟ್ಟಿಸುವುದೇ ನಾನು ಕಿತ್ತ ಪೈಪಿನ ಕೆಲಸ. ಡಬ್ಬಿಯೊಳಗಿನ ಪೊರೆ ಸೆಳೆಯಲ್ಪಟ್ಟು ಪ್ಲೇಟನ್ನು ತಿರುಗಿಸುತ್ತದೆ, ಕಿಡಿ ಮುಂಚೆ ಹಾರುತ್ತದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಒಂದು ಮೊಳ ರಬ್ಬರು ಮಾಡುತ್ತಿದ್ದ ಲೆಕ್ಕವಿದು. ಇವತ್ತಿನ ಎಷ್ಟೋ ಕಾರುಗಳಲ್ಲಿ ಅದೇ ಹೀರುವಿಕೆಯನ್ನು ಹೆಬ್ಬೆಟ್ಟಿನಷ್ಟು ದೊಡ್ಡ ಸೆನ್ಸರ್ ಅಳೆದು, ತಂತಿಯ ಮೂಲಕ ಕಂಪ್ಯೂಟರಿಗೆ ಹೇಳುತ್ತದೆ.

ನಾನು ಆ ಬಿರಡೆಯನ್ನೂ ಹಾಕದೆ ಬಿಟ್ಟಿದ್ದರೆ ಬೇರೆ ರಗಳೆಯಾಗುತ್ತಿತ್ತು. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಲೆಕ್ಕಕ್ಕೆ ಸಿಗದ ಗಾಳಿ ಕಳ್ಳದಾರಿಯಿಂದ ನುಗ್ಗಿದರೆ ಈ ಪ್ರಮಾಣ ಕೆಟ್ಟು, ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ನಡುಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ಪೈಪೂ ಇದೇ ಹೀರುವಿಕೆಯನ್ನು ನಂಬಿಕೊಂಡದ್ದು. ಅದನ್ನು ಮುಟ್ಟಿದರೆ ಕೆಡುವುದು ಮೈಲೇಜಲ್ಲ, ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ.

ಮಾರುತಿ 800ರ ಎಂಜಿನ್ 796 ಸಿಸಿ. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 3000 ಸುತ್ತಿನಲ್ಲಿ ಪೆಡಲ್ ಪೂರ್ತಿ ಒತ್ತಿದರೆ ಸೆಕೆಂಡಿಗೆ ಹತ್ತಿರ ಹತ್ತಿರ 20 ಲೀಟರ್. ಮನೆಗೆ ಬರುವ ಕುಡಿಯುವ ನೀರಿನ ದೊಡ್ಡ ಕ್ಯಾನನ್ನು ಸೆಕೆಂಡಿಗೊಂದರಂತೆ ಖಾಲಿ ಮಾಡಿದ ಹಾಗೆ! ಎಷ್ಟೋ ಕಾರುಗಳಲ್ಲಿ ಏರ್ ಫಿಲ್ಟರಿನ ಮೂತಿ ಸೊಟ್ಟಂಬಟ್ಟ ಸುತ್ತಿಕೊಂಡು ಹೆಡ್‌ಲೈಟಿನ ಹಿಂದಕ್ಕೋ ಗ್ರಿಲ್ಲಿನ ಹತ್ತಿರಕ್ಕೋ ಹೋಗುವುದು ಇದಕ್ಕೇ. ಅಲ್ಲಿ ಸಿಗುವುದು ಹೊರಗಿನ ಗಾಳಿ. ಆ ಕೊಳವೆ ಅಡ್ಡಾದಿಡ್ಡಿ ಕಾಣುತ್ತದೆಂದು ತೆಗೆದು, ಮಿರಮಿರ ಮಿನುಗುವ ಬಿಚ್ಚುಬಾಯಿಯ ಫಿಲ್ಟರ್ ಕೂರಿಸುವವರಿದ್ದಾರೆ. ಸದ್ದು ಜೋರಾಗುತ್ತದೆ, ಅದನ್ನೇ ಶಕ್ತಿ ಅಂದುಕೊಳ್ಳುತ್ತಾರೆ. ಹೊರಗೆ 30 ಡಿಗ್ರಿ, ಬಾನೆಟ್ಟಿನಡಿ 60 ಡಿಗ್ರಿ ಇದ್ದರೆ ಒಳಗಿನ ಗಾಳಿಯ ಸಾಂದ್ರತೆ ನೂರಕ್ಕೆ ಒಂಬತ್ತು ಪಾಲು ಕಡಿಮೆ. ಹೀರಿದ ಲೀಟರು ಅಷ್ಟೇ, ಅದರೊಳಗಿನ ಆಮ್ಲಜನಕ ಅಷ್ಟಿಲ್ಲ. ಆ ಕೊಳವೆಯ ಬಗಲಲ್ಲಿ ಗಂಟಿನಂತೆ ಉಬ್ಬಿರುವ ಖಾಲಿ ಡಬ್ಬಿಯೂ ದಂಡಕ್ಕಿಲ್ಲ. ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದಲ್ಲ, ಅದೇ ತತ್ತ್ವದಲ್ಲಿ ಅದು ಗಾಳಿಯ ಒಂದು ನಿರ್ದಿಷ್ಟ ಗುಂಯ್‌ಗುಡುವಿಕೆಯನ್ನು ನುಂಗಿಹಾಕುತ್ತದೆ.

ವೈರುಗಳನ್ನು ಓರಣ ಮಾಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಮೊದಲು ಬಾನೆಟ್ ತೆರೆದಿಟ್ಟು, ಗೇರ್ ನ್ಯೂಟ್ರಲ್ಲಿನಲ್ಲಿರಿಸಿ, ಇನ್ನೊಬ್ಬರಿಂದ ಆಕ್ಸಿಲರೇಟರ್ ಒಮ್ಮೆ ಒತ್ತಿಸಿ ನೋಡಿ. ಎಂಜಿನ್ ಮೈಮುರಿದ ಎಮ್ಮೆಯಂತೆ ಒಂದು ಕಡೆಗೆ ವಾಲಿ ವಾಪಸ್ ಕೂರುತ್ತದೆ. ಅದು ನಿಂತಿರುವುದು ರಬ್ಬರ್ ಮೌಂಟುಗಳ ಮೇಲೆ. ವೈರು ಜೋತುಬಿದ್ದಿರುವುದು ಈ ವಾಲಾಟಕ್ಕಾಗಿ. ಪ್ಲಾಸ್ಟಿಕ್ ಟ್ಯಾಗ್ ಹಾಕಿ ಬಿಗಿಯಾಗಿ ಎಳೆದು ಕಟ್ಟಿದರೆ ಕನೆಕ್ಟರ್ ಸಡಿಲವಾಗುತ್ತದೆ, ಇಲ್ಲವೇ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ತಾಮ್ರ ಹೊರಬರುತ್ತದೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲವಾದ್ದರಿಂದ ಎಂಜಿನ್ನಿಗೂ ಬ್ಯಾಟರಿಯ ನೆಗೆಟಿವ್‌ಗೂ ನಂಟು ಉಳಿಯಲು ದಪ್ಪನೆಯ ಅರ್ಥ್ ಪಟ್ಟಿ ಬೇಕು. ಸಾಮಾನ್ಯವಾಗಿ ಅದು ತುಕ್ಕು ಹಿಡಿದು ದರಿದ್ರವಾಗಿ ಕಾಣುತ್ತದೆ, ಕಿತ್ತೆಸೆಯಲು ಕೈ ತುರಿಸುತ್ತದೆ. ಕಿತ್ತರೆ ಸೆಲ್ಫ್ ಹೊಡೆದಾಗ ಬೇಕಾಗುವ ನೂರಕ್ಕೂ ಹೆಚ್ಚು ಆಂಪಿಯರ್ ಬೇರೆ ದಾರಿ ಹುಡುಕುತ್ತದೆ. ಸಿಗುವುದು ಆಕ್ಸಿಲರೇಟರ್ ಕೇಬಲ್ಲೋ ಕ್ಲಚ್ ಕೇಬಲ್ಲೋ. ಅವು ಹೀಟರಿನ ತಂತಿಯಂತೆ ಕಾಯುತ್ತವೆ. ಪಟ್ಟಿಯ ಎರಡೂ ತುದಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಬಿಗಿದರೆ ಸಾಕು.

ಸರ್ವೀಸ್ ಸ್ಟೇಷನ್ನುಗಳಲ್ಲಿ ನೀರು ಹೊಡೆದ ಮೇಲೆ ಫಳಫಳ ಹೊಳೆಯಲೆಂದು ಡೀಸೆಲ್ ಸಿಂಪಡಿಸುವ ರೂಢಿ ಇನ್ನೂ ಸತ್ತಿಲ್ಲ. ಹೊಳಪು ಎರಡು ದಿನ, ಆಮೇಲೆ ಧೂಳೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ರೇಡಿಯೇಟರಿನ ಪೈಪುಗಳ ರಬ್ಬರು ಸಾಮಾನ್ಯವಾಗಿ ಬಿಸಿನೀರಿಗೆ ಬಗ್ಗದ, ಎಣ್ಣೆಗೆ ಸೋಲುವ ಜಾತಿಯದು. ಡೀಸೆಲ್ ಕುಡಿದು ಊದಿಕೊಂಡು ಮೆತ್ತಗಾಗುತ್ತದೆ. ಇಲಿ ಬಾರದಿರಲೆಂದು ಹೊಗೆಸೊಪ್ಪಿನ ಗಂಟು ಇಡುವವರು, ಅದನ್ನು ಬೆಲ್ಟಿನ ಹತ್ತಿರವೋ ಸೈಲೆನ್ಸರ್ ಹೊರಡುವ ಕಡೆಯೋ ಇಡದಿದ್ದರೆ ಅಷ್ಟೇ ಪುಣ್ಯ.

ಈಗ ನನ್ನ ಕ್ರಮ ಸರಳ. ಏನನ್ನೇ ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕು ಫೋಟೊ. ಪೈಪು ಹಳತಾಗಿದ್ದರೆ ಅಷ್ಟೇ ಉದ್ದದ, ಅಷ್ಟೇ ತೂತಿನ ಹೊಸದು, ಅದೇ ದಾರಿಯಲ್ಲಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಒದ್ದೆ ಬಟ್ಟೆ, ಸೋಪಿನ ನೀರು, ಬ್ರಶ್. ಪ್ರೆಶರ್ ವಾಷರ್ ಹತ್ತಿರಕ್ಕೂ ಬಿಡುವುದಿಲ್ಲ. ಆಲ್ಟರ್ನೇಟರ್, ಫ್ಯೂಸ್ ಪೆಟ್ಟಿಗೆ, ಏರ್ ಫಿಲ್ಟರಿನ ಮೂತಿ, ಈ ಮೂರಕ್ಕೂ ಪ್ಲಾಸ್ಟಿಕ್ ಚೀಲ ಕಟ್ಟುತ್ತೇನೆ. ಕೆಲಸ ಮುಗಿದ ಮೇಲೆ ಚೀಲಗಳನ್ನು ಎಣಿಸಿ ಬಿಚ್ಚಬೇಕು. ಒಮ್ಮೆ ಮೂತಿಯದನ್ನು ಮರೆತು ಸೆಲ್ಫ್ ಹೊಡೆದು, ಪೂಜೆಗೆ ಬಂದ ನೆಂಟರೆದುರು ಗಾಡಿ ಯಾಕೆ ಸ್ಟಾರ್ಟ್ ಆಗುತ್ತಿಲ್ಲವೆಂದು ಕಾಲು ಗಂಟೆ ತಲೆ ಕೆರೆದುಕೊಂಡಿದ್ದೇನೆ.